ಆಟಿ ತಿಂಗಳ ಕರಡಿಗಳು

ಆಟಿಯಲ್ಲಿ ಮದುವೆ ಇಲ್ಲ, ಉಪನಯನ ಇಲ್ಲ, ಮನೆಯ ಒಕ್ಕಲೂ ಇಲ್ಲ. ಹಾಗಾಗಿ ಬ್ಲೌಸೂ ಇಲ್ಲ. ಶಾಲೆಯ ಯೂನಿಫಾರ್ಮ್ ಜೂನ್‌ನಲ್ಲೇ ಮುಗಿದಿರುತ್ತದೆ. ಬದಿಯಡ್ಕದ ನನ್ನ ಟೈಲರ್ ಅಂಗಡಿಯಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಹೆಚ್ಚೆಂದರೆ ಯಾರಾದರೂ ಕೊಡೆ ಮಡಚುತ್ತಾ ಒಳಗೆ ಬಂದು, ಪ್ಯಾಂಟಿನ ಝಿಪ್ ಹಾಕಿಸಿಕೊಂಡು ಹೋಗುತ್ತಾರೆ. ಆ ಒಂದು ತಿಂಗಳು ನಾನು ಕರಡಿ ಹೊಲಿಯುತ್ತೇನೆ.

ಟೆಡ್ಡಿ ಬೇರ್ ಅಂತ ಹೇಳಬಹುದು. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಕರಡಿ ಅಂತಲೇ ಹೇಳುವುದು. ನಾನು ಕಂಡ ಮೊದಲ ಕರಡಿ ಬಯಲಾಟದ ಜಾಂಬವಂತ. ಅವನು ರಂಗಸ್ಥಳಕ್ಕೆ ಬಂದ ಕೂಡಲೇ ನಾನು ಅಮ್ಮನ ಸೆರಗಿನೊಳಗೆ ಹೋದೆ ಅಂತ ಅಮ್ಮ ಕೊನೆಯವರೆಗೂ ಹೇಳಿ ನಗುತ್ತಿದ್ದರು.

ಶುರುವಾದದ್ದು 2009ರ ಆಟಿಯಲ್ಲಿ. ಪರಿಚಯದ ಒಬ್ಬರು ಒಂದು ಹಳೆಯ ಗೊಂಬೆ ತಂದುಕೊಟ್ಟರು. ಅವರ ಅಣ್ಣ ಶಾರ್ಜಾದಲ್ಲಿದ್ದಾಗ, ಎಂಬತ್ತರ ದಶಕದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ಸಾಬೂನು, ಹಾಲಿನ ಪುಡಿಯ ಜೊತೆ ತಂದ ಕರಡಿ. ಒಂದು ಕಾಲನ್ನು ಇಲಿ ತಿಂದಿತ್ತು. "ಟೈಲರೇ, ಇದನ್ನೊಮ್ಮೆ ಸರಿ ಮಾಡಿ ಕೊಡ್ತೀರಾ? ಮೊಮ್ಮಗಳಿಗೆ ಬೇಕಂತೆ" ಅಂದರು. ಕಾಲೊಂದು ತೇಪೆಯ ಕೆಲಸ, ಅರ್ಧ ಗಂಟೆ ಸಾಕು ಅಂದುಕೊಂಡೆ. ಹೊಲಿಗೆ ಬಿಚ್ಚಿದೆ. ಒಳಗಿನ ಫೋಮ್ ಹಳದಿ ಹುಡಿಯಾಗಿ ಮೇಜಿನ ತುಂಬ ಸುರಿಯಿತು. ಇನ್ನು ಪೂರ್ತಿ ಬಿಚ್ಚದೆ ದಾರಿ ಇರಲಿಲ್ಲ.

ಬಿಚ್ಚಿ ಒಂದೊಂದೇ ತುಂಡನ್ನು ಮೇಜಿನ ಮೇಲೆ ಹಾಸಿದಾಗ ನನಗೆ ಆಶ್ಚರ್ಯವಾಯಿತು. ಗುಂಡಗಿನ ತಲೆ ಮೂರೇ ತುಂಡು. ಎರಡು ಕೆನ್ನೆ, ಮಧ್ಯೆ ಮೂಗಿನಿಂದ ಹಿಂದಲೆಯ ತನಕ ಹೋಗುವ ಒಂದು ಪಟ್ಟಿ. ಆ ಪಟ್ಟಿ ಮೂಗಿನ ಹತ್ತಿರ ಕಿರಿದು, ಹಣೆಯಲ್ಲಿ ಅಗಲ. ಕರಡಿಯ ಮುಖವೆಲ್ಲ ಅದರಲ್ಲೇ ಇದೆ. ಮೂವತ್ತು ವರ್ಷ ಬ್ಲೌಸಿಗೆ ಡಾರ್ಟ್ ಹಿಡಿದವನಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ? ಚಪ್ಪಟೆ ಬಟ್ಟೆಯನ್ನು ಉಬ್ಬಿಸುವುದೇ ನಮ್ಮ ಕಸುಬು. ಆ ತುಂಡುಗಳನ್ನು ಪೇಪರಿನ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡೆ. ಅವರ ಕರಡಿಯನ್ನು ಸರಿ ಮಾಡಿ ಕೊಟ್ಟ ವಾರವೇ ನನ್ನದೊಂದಕ್ಕೆ ಕತ್ತರಿ ಹಾಕಿದೆ.

ಕತ್ತರಿ ಹಾಕಿದ್ದೇ ತಪ್ಪಾಯಿತು. ಟೈಲರುಗಳು ಬಟ್ಟೆ ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸುತ್ತೇವೆ. ರೋಮದ ಬಟ್ಟೆಗೆ ಅದು ಆಗುವುದಿಲ್ಲ. ಹಿಂಬದಿಯಿಂದ, ಒಂದೇ ಪದರ, ಕತ್ತರಿಯ ತುದಿಯಿಂದ ಬರೀ ತಳದ ನೇಯ್ಗೆಯನ್ನು ಕತ್ತರಿಸಬೇಕು. ರೋಮಕ್ಕೆ ಕತ್ತರಿ ತಾಗಿದರೆ ಹೊಲಿಗೆಯ ಉದ್ದಕ್ಕೂ ಬೋಳು ಗೆರೆ ಬೀಳುತ್ತದೆ. ರೋಮ ಎಲ್ಲ ತುಂಡಿನಲ್ಲೂ ಕೆಳಮುಖವಾಗಿ ಬೀಳಬೇಕು. ಒಂದೊಂದೇ ಪದರ ಕತ್ತರಿಸುವಾಗ ಎರಡನೆಯದಕ್ಕೆ ಪ್ಯಾಟರ್ನ್ ಮಗುಚಿ ಹಾಕಬೇಕು. ನಾನು ಮಗುಚಲು ಮರೆತೆ. ನನ್ನ ಮೊದಲ ಕರಡಿಗೆ ಎರಡೂ ಎಡಗೈ. ಈಗಲೂ ಅದು ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಗಿರಾಕಿಗಳು ಯಾರೂ ಗಮನಿಸಿಲ್ಲ. ಬೇರೆ ಟೈಲರುಗಳು ಬಂದರೆ ಮಾತ್ರ ಅದನ್ನು ಸ್ವಲ್ಪ ಹಿಂದೆ ಸರಿಸುತ್ತೇನೆ.

ಆಮೇಲೆ ಓದಲು ಶುರು ಮಾಡಿದೆ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1902ರಲ್ಲಿ ಮಿಸಿಸಿಪ್ಪಿಯಲ್ಲಿ ಬೇಟೆಗೆ ಹೋದಾಗ ಮರಕ್ಕೆ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಅದರ ವ್ಯಂಗ್ಯಚಿತ್ರ ಪತ್ರಿಕೆಯಲ್ಲಿ ಬಂತು. ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಮಿಚ್‌ಟಮ್ ದಂಪತಿ ಅದನ್ನು ನೋಡಿ ಗೊಂಬೆ ಹೊಲಿದು, ರೂಸ್‌ವೆಲ್ಟರ ಅಡ್ಡಹೆಸರಾದ ‘ಟೆಡ್ಡಿ’ಯನ್ನೇ ಅದಕ್ಕೆ ಇಟ್ಟರು. ಈ ಕಥೆ ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಜರ್ಮನಿಯ ಕಥೆ. ಅದರಲ್ಲಿ ಅಧ್ಯಕ್ಷರಿಲ್ಲ, ಟೈಲರ್ ಇದ್ದಾಳೆ.

ಗೀಂಗೆನ್ ಎಂಬ ಸಣ್ಣ ಊರಿನ ಮಾರ್ಗರೆಟ್ ಸ್ಟೈಫ್. ಹುಟ್ಟಿದ್ದು 1847ರಲ್ಲಿ. ಎಳವೆಯಲ್ಲೇ ಪೋಲಿಯೋ ಬಂದು ಕಾಲು ಹೋಯಿತು, ಬಲಗೈಗೂ ಬಲವಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಹೊಲಿಗೆ ಕಲಿತಳು. ಮಿಷನ್ನಿನ ಚಕ್ರ ಬಲಗೈಯಲ್ಲಿ ತಿರುಗಿಸಲು ಆಗದ್ದಕ್ಕೆ ಮಿಷನ್ನನ್ನೇ ಹಿಂದುಮುಂದಾಗಿ ತಿರುಗಿಸಿಟ್ಟು ಎಡಗೈಯಲ್ಲಿ ಹೊಲಿದಳಂತೆ. ಇದನ್ನು ಓದಿದ ದಿನ ನಾನೂ ನನ್ನ ಮಿಷನ್ನಿನ ಹಿಂದೆ ಕೂತು ನೋಡಿದೆ. ಎರಡು ಇಂಚು ನೆಟ್ಟಗೆ ಹೊಲಿಯಲು ಆಗಲಿಲ್ಲ. 1880ರಲ್ಲಿ ಅವಳು ಗುಂಡುಸೂಜಿ ಚುಚ್ಚಿಡಲು ಉಣ್ಣೆಯ ಫೆಲ್ಟ್ ಬಟ್ಟೆಯಲ್ಲಿ ಸಣ್ಣ ಆನೆ ಮಾಡಿದಳು. ಮಕ್ಕಳು ಅದನ್ನು ಆಟಕ್ಕೆ ತೆಗೆದುಕೊಂಡು ಹೋದರು. ಅಲ್ಲಿಂದ ಆಟಿಕೆಯ ಕಂಪನಿಯೇ ಬೆಳೆಯಿತು. ಅವಳ ತಮ್ಮನ ಮಗ ರಿಚರ್ಡ್ 1902ರಲ್ಲಿ ಕೈಕಾಲು ಆಡಿಸಬಹುದಾದ ಕರಡಿಯನ್ನು ರೂಪಿಸಿದ. ಮರುವರ್ಷ ಲೈಪ್‌ಜಿಗ್‌ನ ಆಟಿಕೆ ಮೇಳದಲ್ಲಿ ಅಮೆರಿಕದ ವ್ಯಾಪಾರಿಯೊಬ್ಬ 3000 ಕರಡಿ ಬೇಕೆಂದ. ಗುಂಡುಸೂಜಿಯ ಆನೆಯಿಂದ ಅಲ್ಲಿಯ ತನಕ! ನನ್ನ ಗುಂಡುಸೂಜಿಗಳು ಮಾತ್ರ ಈಗಲೂ ಹಳೆಯ ಪಾಂಡ್ಸ್ ಡಬ್ಬಿಯಲ್ಲೇ ಇವೆ.

ಆ ಕಾಲದ ಕರಡಿಗೆ ಮೊಹೇರ್ ಬಟ್ಟೆ, ಅಂದರೆ ಅಂಗೋರಾ ಆಡಿನ ಕೂದಲು. ಕಣ್ಣಿಗೆ ಬೂಟಿನ ಕಪ್ಪು ಗುಂಡಿ. ಹೊಟ್ಟೆಗೆ ಮರದ ಎಳೆ. ಮೊಹೇರ್ ನಮ್ಮಲ್ಲಿ ಎಲ್ಲಿ ಸಿಗುತ್ತದೆ? ಮಂಗಳೂರಿಗೆ ಹೋದಾಗ ರೋಮದ ಸಿಂಥೆಟಿಕ್ ಬಟ್ಟೆ ತರುತ್ತೇನೆ. ಒಮ್ಮೆ ಅಳಿಯ ಪರದೇಶದಿಂದ ಅರ್ಧ ಮೀಟರ್ ಮೊಹೇರ್ ತಂದುಕೊಟ್ಟ. ಹನ್ನೆರಡು ಇಂಚಿನ ಎರಡು ಕರಡಿ ಆದವು. ಕತ್ತರಿಸುವ ಮೊದಲು ಮೂರು ದಿನ ಸುಮ್ನೆ ಮಡಚಿಟ್ಟು ನೋಡುತ್ತಿದ್ದೆ.

ಮರದ ಎಳೆಯ ವಿಷಯದಲ್ಲಿ ನಾನು ಮಂಗನಾದೆ. ಓದಿದ್ದನ್ನು ಅರ್ಧ ಅರ್ಥ ಮಾಡಿಕೊಂಡು ಮರದ ಮಿಲ್ಲಿನಿಂದ ಒಂದು ಗೋಣಿ ಹುಡಿ ತಂದೆ. ಎಳೆ ಬೇರೆ, ಹುಡಿ ಬೇರೆ. ಹುಡಿ ತುಂಬಿದ ಕರಡಿ ಗಟ್ಟಿಯಾಗಿ, ಚಂದವಾಗಿ ಕೂತಿತು. ಹತ್ತು ದಿನಕ್ಕೆ ಮೈಯೆಲ್ಲ ತಣ್ಣಗಾಯಿತು. ಹದಿನೈದು ದಿನಕ್ಕೆ ಕಂಕುಳಲ್ಲಿ ಹಸಿರು ಬೂಸ್ಟು. ಆಟಿಯ ಮಳೆ ಅಂದರೆ ಕಪಾಟಿನೊಳಗಿನ ಚಪ್ಪಲಿಗೂ ಬೂಸ್ಟು ಬರುವ ಕಾಲ. ನನಗೆ ಬಿಡುವು ಸಿಗುವುದು ಆ ತಿಂಗಳು ಮಾತ್ರ. ಕರಡಿ ಹೊಲಿಯಲು ಅದರಷ್ಟು ಕೆಟ್ಟ ತಿಂಗಳು ಇನ್ನೊಂದಿಲ್ಲ.

ಒಣಗಲಿ ಅಂತ ಅದನ್ನೂ ಇನ್ನು ಮೂರನ್ನೂ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಒಣಗಿದ್ದೇನೋ ಹೌದು. ಆದರೆ ನಾಲ್ಕೂ ಹೊಗೆ ಹಾಕಿದ ಬಾಳೆಗೊನೆಯ ಹಾಗೆ ನಾರತೊಡಗಿದವು. "ನಿಮ್ಮ ಕರಡಿಗಳನ್ನು ತೆಗೀತೀರಾ, ಇಲ್ಲ ಸಾಂಬಾರಿಗೆ ಹಾಕಲಾ?" ಅಂತ ಮನೆಯವಳು ಕೇಳಿದಳು.

ಕೊನೆಗೆ ದಾರಿ ಸಿಕ್ಕಿದ್ದು ಹಿತ್ತಿಲಲ್ಲಿ. ನಮ್ಮ ಬೇಲಿಯ ಮೂಲೆಯಲ್ಲಿ ಒಂದು ಬಿಳಿ ಬೂರುಗದ ಮರ ಇದೆ. ಬೇಸಿಗೆಯಲ್ಲಿ ಕಾಯಿ ಒಡೆದು ಅಂಗಳದ ತುಂಬ ಹತ್ತಿ ಹಾರುತ್ತದೆ. ಅಜ್ಜಿ ಅದರಲ್ಲಿ ತಲೆದಿಂಬು ಮಾಡುತ್ತಿದ್ದರು. ಮೊದಲನೆಯ ಮಹಾಯುದ್ಧದ ಆಮೇಲೆ ಇಂಗ್ಲೆಂಡಿನ ಕರಡಿಗಳ ಹೊಟ್ಟೆಗೂ ಇದೇ ಹತ್ತಿ ಹೋಗುತ್ತಿತ್ತು, ಅವರು ಅದನ್ನು ಕಪೋಕ್ ಅನ್ನುತ್ತಾರೆ. ಎಳೆಗೆ ಮೇಣದ ಗುಣ ಇದೆ, ನೀರು ಹಿಡಿಯುವುದಿಲ್ಲ. ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗೂ ಇದನ್ನೇ ತುಂಬುತ್ತಿದ್ದರು. ಮರ ನಮ್ಮ ಬೇಲಿಯಲ್ಲಿ, ನಾನು ಹೋದದ್ದು ಮಿಲ್ಲಿಗೆ! ಈಗ ಮಾರ್ಚ್, ಏಪ್ರಿಲ್‌ನಲ್ಲಿ ಹತ್ತಿ ಹೆಕ್ಕಿ, ಬೀಜ ತೆಗೆದು, ಬಿಸಿಲಿಗೆ ಹಾಕಿ ಬಿಸ್ಕೆಟಿನ ತಗಡಿನ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಬೀಜ ಉಳಿದರೆ ಇಲಿಗೆ ಕರೆಯೋಲೆ ಕೊಟ್ಟ ಹಾಗೆ. ಬೀಜ ಬಿಡಿಸುವ ಎರಡು ದಿನ ಮನೆಯವರೆಲ್ಲ ಸೀನುತ್ತಾರೆ, ನನ್ನನ್ನು ಬೈಯುತ್ತಾರೆ.

ಕೀಲಿನ ಕಥೆಯೂ ಹೀಗೇ. ಕುತ್ತಿಗೆ, ಎರಡು ಕೈ, ಎರಡು ಕಾಲು, ಒಟ್ಟು ಐದು ಕೀಲು. ಪ್ರತಿಯೊಂದಕ್ಕೂ ಎರಡು ಬಿಲ್ಲೆ, ಮಧ್ಯೆ ಬೋಲ್ಟು, ವಾಶರ್, ನಟ್ಟು. ಬಿಲ್ಲೆಗೆ ಅಡಿಕೆ ಹಾಳೆ ಕತ್ತರಿಸಿ ಹಾಕಿದೆ, ಬುದ್ಧಿವಂತಿಕೆ ಅಂದುಕೊಂಡು. ಹಾಳೆ ತೇವ ಕುಡಿದು ಮೆತ್ತಗಾಯಿತು. ಕರಡಿ ಒಂದು ಕೈ ಎತ್ತಿದರೆ ಅದು ತಾನಾಗಿ ಇಳಿಯುತ್ತಿತ್ತು. ಈಗ ಪೈಂಟಿನ ಬಕೆಟ್ಟಿನ ಮುಚ್ಚಳ ಕತ್ತರಿಸುತ್ತೇನೆ. ಅದಕ್ಕೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ನಟ್ಟನ್ನು ಮೊದಲು ಬಿಗಿ ಅನಿಸುವಷ್ಟು ತಿರುಗಿಸಿ, ಆಮೇಲೆ ಇನ್ನೂ ಅರ್ಧ ಸುತ್ತು. ತುಂಬಿದ ಮೇಲೆ ಕೀಲು ಸಡಿಲವಾಗಿಯೇ ಆಗುತ್ತದೆ.

ಪೆರ್ನಾಳ್, ಅಂದರೆ ಈದ್ ಹಬ್ಬ, ಆಟಿಯಲ್ಲೇ ಬಂದ ವರ್ಷ ಕರಡಿ ಇಲ್ಲ. 2014ರಲ್ಲಿ ಹಾಗಾಯಿತು, ಜುಲೈ ಕೊನೆಗೆ ಬಂತು. ಚೂಡಿದಾರದ ರಾಶಿಯಲ್ಲಿ ನನಗೆ ತಲೆ ಎತ್ತಲು ಆಗಲಿಲ್ಲ. ಇಷ್ಟು ವರ್ಷಕ್ಕೆ ನಾನು ಹೊಲಿದದ್ದು ಇಪ್ಪತ್ತಮೂರು. ಸಂಗ್ರಹದ್ದು ಬೇರೆ ಒಂಬತ್ತು. ಎಲ್ಲವೂ ಜನ ಕಪಾಟು ಖಾಲಿ ಮಾಡುವಾಗ ಕೊಟ್ಟವು, ಹೆಚ್ಚಿನವು ಗಲ್ಫಿನಿಂದ ಬಂದವು. ಒಂದರ ಎದೆಯಲ್ಲಿ ಕೆಂಪು ಹೃದಯ ಇದೆ, ಒತ್ತಿದರೆ ಮೊದಲು ಏನೋ ಹೇಳುತ್ತಿತ್ತಂತೆ. ಈಗ ಕಿರ್ ಅನ್ನುತ್ತದೆ. ಮಾರುವುದಿಲ್ಲವಾ ಅಂತ ಕೇಳುತ್ತಾರೆ. ಎರಡು ವಾರದ ಕೆಲಸಕ್ಕೆ ಎಷ್ಟು ಹೇಳಲಿ? ಬ್ಲೌಸಿನ ಲೆಕ್ಕದಲ್ಲಿ ಹೇಳಿದರೆ ಅವರು ಬೈಯುತ್ತಾರೆ, ಗೊಂಬೆಯ ಲೆಕ್ಕದಲ್ಲಿ ಹೇಳಿದರೆ ನಾನು ಅಳಬೇಕು. ಮಕ್ಕಳಿಗೆ ಸುಮ್ನೆ ಕೊಟ್ಟದ್ದು ಉಂಟು. ಮೂರು ವರ್ಷದೊಳಗಿನ ಮಗುವಾದರೆ ಕಣ್ಣಿಗೆ ಗುಂಡಿ ಹಾಕುವುದಿಲ್ಲ, ಕಪ್ಪು ದಾರದಲ್ಲಿ ಕಸೂತಿ ಮಾಡುತ್ತೇನೆ. ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡರೆ ಕಷ್ಟ.

ಈ ವರ್ಷದ್ದು ಕಂದು ಬಣ್ಣದ್ದು, ಹದಿನಾಲ್ಕು ಇಂಚು. ಬೆನ್ನು ಮುಚ್ಚಿಯಾಯಿತು, ಮೂಗು ಆಯಿತು, ಒಂದು ಕಿವಿ ಕೂಡಿಸಿದೆ. ಇನ್ನೊಂದಕ್ಕೆ ಗುಂಡುಸೂಜಿ ಚುಚ್ಚಿ, ಮೇಲೆ ಕೆಳಗೆ ಮಾಡಿ ನೋಡುತ್ತಿದ್ದೆ. ಕಿವಿ ಅರ್ಧ ಇಂಚು ಕೆಳಗಿಳಿದರೆ ಮರಿಯ ಮುಖ, ಮೇಲೇರಿದರೆ ಯಜಮಾನನ ಮುಖ. ಅಷ್ಟರಲ್ಲಿ ಒಬ್ಬರು ಅಕ್ಕ ಏಳು ಬ್ಲೌಸ್ ಪೀಸ್ ತಂದು ಮೇಜಿನ ಮೇಲೆ ಹಾಕಿದರು. ಆಟಿ ಮುಗಿದು ಸಿಂಹ ತಿಂಗಳು ಹುಟ್ಟಿದ ಮೂರನೇ ದಿನಕ್ಕೆ ಮದುವೆಯಂತೆ. ಆ ಕಿವಿಯನ್ನು ತೆಗೆದು ಡಬ್ಬಿಗೆ ಹಾಕಿದೆ.

ಅವರ ಜೊತೆ ಬಂದ ಹುಡುಗಿ ಕರಡಿಯನ್ನೇ ನೋಡುತ್ತಿದ್ದಳು.

"ಮಾವ, ಇದಕ್ಕೆ ಒಂದೇ ಕಿವಿಯಾ?"

"ಇನ್ನೊಂದು ಡಬ್ಬಿಯಲ್ಲಿ ಉಂಟು ಮಗಾ" ಅಂದೆ. ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಂಡು ಪುಸ್ತಕ ತೆಗೆದೆ.