ಹಳೆಯ ಮೂಳೆಯಲ್ಲಿ ಬಂದ ಹೊಸ ಪ್ರೊಫೈಲ್

ಕಲಬುರಗಿಯ ವಿಧಿವಿಜ್ಞಾನ ಪ್ರಯೋಗಾಲಯದ ಡಿಎನ್‌ಎ ವಿಭಾಗದಲ್ಲಿ ಕೆಲಸ ಮಾಡುವ ನಮಗೆ ಮೂಳೆಯಿಂದ ಪೂರ್ತಿ ಪ್ರೊಫೈಲ್, ಅಂದರೆ ವ್ಯಕ್ತಿಯನ್ನು ಗುರುತಿಸುವ ಡಿಎನ್‌ಎ ಗುರುತುಗಳ ಪಟ್ಟಿ, ಬಂದರೆ ನೆಮ್ಮದಿ. ಸುರಪುರದ ಕಡೆಯಿಂದ ಬಂದ ಒಂದು ತೊಡೆಮೂಳೆಯ ವಿಷಯದಲ್ಲಿ ಮಾತ್ರ ಆ ಪೂರ್ತಿ ಪ್ರೊಫೈಲೇ ನನಗೆ ದಿಗಿಲು ಹುಟ್ಟಿಸಿತು.

ಹೊಲ ಸಮ ಮಾಡುತ್ತಿದ್ದ ಜೆಸಿಬಿ ಚಪ್ಪಡಿ ಕಲ್ಲುಗಳನ್ನು ಎತ್ತಿದಾಗ ಅಸ್ಥಿಪಂಜರ ಕಂಡಿತ್ತು. ಠಾಣೆಯವರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ, ಪಂಚನಾಮೆ ಮುಗಿಸಿ ಮೂಳೆಗಳನ್ನು ಕಳಿಸಿದ್ದರು. ಪಂಚನಾಮೆಯ ಫೋಟೋದ ಅಂಚಿನಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆ ಚೂರುಗಳಿದ್ದವು. 1850ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬೃಹತ್ ಶಿಲಾ ಸಮಾಧಿಗಳನ್ನು ದಾಖಲಿಸಿದ್ದು ಇದೇ ಸೀಮೆಯಲ್ಲಿ. ಇಲ್ಲಿನ ರಾಜನಕೋಳೂರಿನ ಕಲ್ಲುಮನೆಗಳನ್ನು, ಅಂದರೆ ಚಪ್ಪಡಿ ಕಲ್ಲಿನ ಸಮಾಧಿಗಳನ್ನು, ಕಂಡವರಿಗೆ ಆ ಚೂರುಗಳು ಸಾವಿರಾರು ವರ್ಷ ಹಳೆಯವೆಂದು ಹೇಳಬೇಕಾಗಿಲ್ಲ.

ಅಷ್ಟು ಹಳೆಯ ಮೂಳೆಯಲ್ಲಿ ಡಿಎನ್‌ಎ ಉಳಿದರೂ ಸಾಮಾನ್ಯವಾಗಿ ನೂರು ಬೇಸ್‌ಗಿಂತ (ಡಿಎನ್‌ಎಯ ಒಂದೊಂದು ಅಕ್ಷರ) ಚಿಕ್ಕ ತುಣುಕುಗಳಾಗಿರುತ್ತದೆ. ಆದರೆ ಕ್ವಾಂಟ್‌ನಲ್ಲಿ, ಅಂದರೆ ಡಿಎನ್‌ಎ ಪ್ರಮಾಣ ಅಳೆಯುವ ಪರೀಕ್ಷೆಯಲ್ಲಿ, ಡಿಗ್ರೆಡೇಷನ್ ಇಂಡೆಕ್ಸ್ ಒಂದರ ಆಸುಪಾಸಿನಲ್ಲಿತ್ತು, ಎಂದರೆ ಡಿಎನ್‌ಎ ಹೆಚ್ಚು ತುಂಡಾಗಿರಲಿಲ್ಲ; ಗುರುತು ಪತ್ತೆಯ ಎಸ್‌ಟಿಆರ್ ಪರೀಕ್ಷೆಯ ಉದ್ದನೆಯ ಮಾರ್ಕರ್‌ಗಳಲ್ಲೂ ಪೀಕ್‌ಗಳು ಎತ್ತರವಾಗಿಯೇ ಇದ್ದವು. ಲಿಂಗ ತಿಳಿಸುವ ಮಾರ್ಕರ್ ಅಮೆಲೊಜೆನಿನ್ ಗಂಡಸೆಂದು ಹೇಳುತ್ತಿತ್ತು. ಸೊಂಟದ ಮೂಳೆ ನೋಡಿದ ವೈದ್ಯರು ಹೆಂಗಸೆಂದು ಬರೆದಿದ್ದರು.

ಆ ಹೊತ್ತಿಗೆ, ನಾಪತ್ತೆಯಾದ ಯುವಕನೊಬ್ಬನ ತಂದೆಯನ್ನು ರಕ್ತದ ಮಾದರಿಗೆಂದು ಕರೆಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಬಾಕಿ ಪ್ರಕರಣಗಳ ಸಂಖ್ಯೆ ಇಳಿಸುವ ಅವಸರದಲ್ಲಿದ್ದ ಮೇಲಧಿಕಾರಿಗಳು ವರದಿಗೆ ಸಹಿ ಕೇಳುತ್ತಿದ್ದರು. ನಾನು ಸಹಿ ಮಾಡದೆ ನೆಗೆಟಿವ್ ಕಂಟ್ರೋಲನ್ನು (ಮೂಳೆ ಹಾಕದೆ ಜೊತೆಗೇ ನಡೆಸುವ ಖಾಲಿ ಪರೀಕ್ಷೆ) ಮತ್ತೊಮ್ಮೆ ತೆರೆದು ನೋಡಿದೆ, ಸ್ವಚ್ಛವಾಗಿತ್ತು. ಬೆರಕೆ ಪತ್ತೆಗೆಂದು ನಮ್ಮ ಸಿಬ್ಬಂದಿಯ ಪ್ರೊಫೈಲ್‌ಗಳನ್ನಿಟ್ಟ ಎಲಿಮಿನೇಷನ್ ಡೇಟಾಬೇಸ್‌ನ ಒಂದೊಂದೇ ಹೆಸರಿನ ಮುಂದೆ ಪ್ರೊಫೈಲ್ ಹೊಂದಿಸುತ್ತಾ ಹೋದೆ, ಯಾರದೂ ತಾಳೆಯಾಗಲಿಲ್ಲ. ಹಾಗಿದ್ದರೆ ಬೇರೊಬ್ಬರ ಡಿಎನ್‌ಎಯ ಬೆರಕೆ ನಮ್ಮ ಬಾಗಿಲಿಗೆ ಬರುವ ಮೊದಲೇ ಆಗಿತ್ತು. ಮೂಳೆ ತಂದ ಪೇದೆಗೆ ಫೋನ್ ಮಾಡಿದೆ.

"ಮಣ್ಣು ಭಾಳ ಹತ್ತಿತ್ರೀ ಮೇಡಂ, ಬೋರಿನ ನೀರಾಗ ತಿಕ್ಕಿ ತೊಳದೇ ಕಳಿಸೀವ್ರಿ," ಎಂದರು.

ಅವರ ಕೆನ್ನೆಯೊಳಗಿನ ಸ್ವ್ಯಾಬ್ ಪ್ರತಿಯೊಂದು ಮಾರ್ಕರ್‌ನಲ್ಲೂ ತಾಳೆಯಾಯಿತು. ಬರಿಗೈಯಲ್ಲಿ ತೊಳೆದಾಗ ನೀರು ಮುಟ್ಟಿದವರ ಡಿಎನ್‌ಎಯನ್ನು ಮೂಳೆಯ ರಂಧ್ರಗಳೊಳಗೆ ಒಯ್ಯುತ್ತದೆ. ಆಮೇಲೆ ಮೇಲ್ಪದರವನ್ನು ಉಜ್ಜಿ ತೆಗೆದರೂ ಅದು ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಆ ಕೆಲಸವನ್ನು ನಾನು ದೂರಲಾರೆ, ಏಕೆಂದರೆ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಬಿಸಿಲಿನ ದೇಶದಲ್ಲಿ ಪ್ರಾಚೀನ ಡಿಎನ್‌ಎ ಎಷ್ಟು ಅಪರೂಪವೆಂಬುದಕ್ಕೆ ಹರಿಯಾಣದ ಹರಪ್ಪಾ ನಾಗರಿಕತೆಯ ನೆಲೆ ರಾಖಿಗಢಿಯೇ ಸಾಕ್ಷಿ: 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 60ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರೂ ಬಳಸಬಹುದಾದ ಜೀನೋಮ್ ದೊರೆತದ್ದು ಒಬ್ಬರದೇ, ಅದೂ ಒಬ್ಬ ಹೆಂಗಸಿನದು. ಇನ್ನೊಂದೆಡೆ, ಪಂಜಾಬಿನ ಅಜ್ನಾಲಾದ ಬಾವಿಯಲ್ಲಿ 2014ರಲ್ಲಿ ಸಿಕ್ಕ ಅಸ್ಥಿಗಳು 1857ರ ಗಂಗಾ ಬಯಲಿನ ಸಿಪಾಯಿಗಳವೆಂದು 2022ರಲ್ಲಿ ತೋರಿಸಿಕೊಟ್ಟದ್ದು ಡಿಎನ್‌ಎ ಮತ್ತು ಐಸೊಟೋಪ್ ಪರೀಕ್ಷೆಗಳು. ಆ ದಾರಿ ನಮ್ಮ ಹೊಲಗಳ ಸಮಾಧಿಗಳಿಗೂ ತೆರೆದಿದೆ, ಮೊದಲ ಗಂಟೆಯಲ್ಲಿ ನಾವು ಅದನ್ನು ಕೆಡಿಸದಿದ್ದರೆ.

ಗುಂಡಿಯಲ್ಲಿ ತಲೆಬುರುಡೆ ಇನ್ನೂ ಮಣ್ಣಿನಲ್ಲೇ ಇತ್ತು. ಪುರಾತತ್ವ ಬಲ್ಲವರನ್ನು ಕರೆಸಿ, ಜೋಡಿ ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು, ಡಿಎನ್‌ಎ ಚೆನ್ನಾಗಿ ಉಳಿಯುವ, ಒಳಗಿವಿಯನ್ನು ಸುತ್ತುವರಿದ ಗಟ್ಟಿ ಮೂಳೆಯನ್ನು ತೊಳೆಯದೆ ಫಾಯಿಲ್‌ನಲ್ಲಿ ಸುತ್ತಿ ಕಾಗದದ ಲಕೋಟೆಯಲ್ಲಿ ತಂದೆವು. ಎಸ್‌ಟಿಆರ್ ಕಿಟ್‌ಗೆ ಅದನ್ನು ಒಡ್ಡುವುದಿಲ್ಲ. ಡಿಎನ್‌ಎ ತುಣುಕುಗಳ ತುದಿಗಳಲ್ಲಿನ ಸವೆತದ ಗುರುತುಗಳಿಂದ ಹಳೆಯ ಡಿಎನ್‌ಎಯನ್ನು ಬೇರ್ಪಡಿಸಬಲ್ಲ ಪ್ರಯೋಗಾಲಯಕ್ಕೇ ಅದು ಹೋಗಬೇಕು. ಠಾಣೆಗಳಿಗೆ ಕೈಗವಸು ಮತ್ತು ಅರ್ಧ ದಿನದ ತರಬೇತಿ ಕೊಡಿಸಿರೆಂದು ಬರೆದ ಪತ್ರಕ್ಕೆ ಅನುದಾನವಿಲ್ಲವೆಂಬ ಉತ್ತರ ಬಂದಿದೆ. ಎರಡನೆಯ ಪತ್ರಕ್ಕೆ ಆ ಎರಡೂ ಲಿಂಗನಿರ್ಣಯಗಳ ಪ್ರತಿಯನ್ನು ಲಗತ್ತಿಸಿದ್ದೇನೆ.