ಸಪ್ತಾಪುರದ ಓದುಕೋಣೆಗಳಲ್ಲಿ ಹಿಂದುಳಿಯುವ ಭಯ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ತುಂಬಿಕೊಂಡಿರುವ ಧಾರವಾಡದ ಸಪ್ತಾಪುರದಲ್ಲಿ, ‘ಫೋಮೊ’ (ಫಿಯರ್ ಆಫ್ ಮಿಸ್ಸಿಂಗ್ ಔಟ್, ಏನನ್ನೋ ತಪ್ಪಿಸಿಕೊಂಡು ಹಿಂದುಳಿಯುವ ಭಯ) ಎಂದರೆ ಬೇರೆಯವರ ಪ್ರವಾಸದ ಚಿತ್ರಗಳನ್ನು ಕಂಡು ಹುಟ್ಟುವ ಕಸಿವಿಸಿ ಎಂಬ ವಿವರಣೆ ಸಾಲುವುದಿಲ್ಲ. ಇಲ್ಲಿ ಆ ಭಯ ಹೆಚ್ಚಾಗಿ ಓದಿನ ವೇಷದಲ್ಲೇ ಬರುತ್ತದೆ. ಟೆಲಿಗ್ರಾಂ ಚಾನೆಲ್‌ಗಳಲ್ಲಿ ಒಂದರ ಹಿಂದೊಂದು ಬಂದು ಬೀಳುವ ಪ್ರಚಲಿತ ವಿದ್ಯಮಾನಗಳ ಪಿಡಿಎಫ್, ಕೀ ಉತ್ತರ, ಕಟ್‌ಆಫ್ ಅಂದಾಜು, ‘ಶೀಘ್ರದಲ್ಲೇ ನೋಟಿಫಿಕೇಶನ್’ ಎಂಬ ಸುದ್ದಿ, ಇವುಗಳಲ್ಲಿ ಯಾವುದನ್ನು ಬಿಟ್ಟರೂ ಪ್ರಶ್ನೆ ಅದರಿಂದಲೇ ಬಂದೀತು ಎಂಬ ಅಂಜಿಕೆ ಓದುವವರನ್ನು ಪುಸ್ತಕದಿಂದ ಮತ್ತೆ ಮತ್ತೆ ಎಬ್ಬಿಸುತ್ತದೆ. ಇಳಿಸಿಕೊಂಡ ಪಿಡಿಎಫ್‌ಗಳಲ್ಲಿ ಬಹುಪಾಲು ತೆರೆಯದೆಯೇ ಉಳಿಯುತ್ತವೆ.

‘ಫೋನ್ ಬಿಟ್ಟು ಓದು’ ಎಂದು ಗದರಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ. ಮನೋವಿಜ್ಞಾನಿ ಆಂಡ್ರ್ಯೂ ಶಿಬಿಲ್‌ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತನ್ನಿಂದ ಸಾಧ್ಯ ಎಂಬ ಭರವಸೆ, ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭಾವ, ತನ್ನವರೊಂದಿಗಿನ ನಂಟು, ಈ ಮೂರು ಅಗತ್ಯಗಳು ಯಾರಲ್ಲಿ ಕಡಿಮೆ ಈಡೇರಿವೆಯೋ ಅವರಲ್ಲಿ ಈ ಭಯ ಹೆಚ್ಚು. ಪರೀಕ್ಷಾರ್ಥಿಯ ಬದುಕಿನಲ್ಲಿ ಮೂರೂ ಒಟ್ಟಿಗೆ ಬತ್ತುತ್ತವೆ. ವರ್ಷಗಟ್ಟಲೆ ಫಲಿತಾಂಶವಿಲ್ಲದೆ ಓದುವಾಗ ಭರವಸೆ ಕುಗ್ಗುತ್ತದೆ. ಪರೀಕ್ಷೆಯ ದಿನಾಂಕ, ನೇಮಕಾತಿಯ ಗತಿ ಯಾವುದೂ ಅವರ ಕೈಯಲ್ಲಿಲ್ಲ. ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಿಂದ ಬಂದವರಿಗೆ ಊರ ಜಾತ್ರೆಯೂ ಗೆಳೆಯನ ಮದುವೆಯೂ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಕಂಡಷ್ಟೇ. ಆ ಸ್ಟೇಟಸ್ ಕೂಡ 24 ಗಂಟೆಗಳಲ್ಲಿ ಅಳಿಸಿಹೋಗುವುದರಿಂದ ಇವತ್ತೇ ನೋಡಬೇಕೆಂಬ ಅವಸರ ಬೇರೆ. ಇಂಥವರು ಫೋನ್ ಹಿಡಿಯುವುದನ್ನು ಸೋಮಾರಿತನ ಎಂದು ಕರೆಯಲು ನನಗೆ ಮನಸ್ಸು ಬಾರದು.

ಹಾಗೆಂದು ಉಪಾಯವೇ ಇಲ್ಲವೆಂದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 143 ವಿದ್ಯಾರ್ಥಿಗಳ ಪೈಕಿ ಒಂದು ಗುಂಪು ಮೂರು ವಾರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಮಿತಿಗೊಳಿಸಿತು, ಇನ್ನೊಂದು ಎಂದಿನಂತೆ ಬಳಸಿತು. ಮಿತಿ ಹಾಕಿಕೊಂಡವರಲ್ಲಿ ಒಂಟಿತನ ತಗ್ಗಿತು. ನನ್ನ ಗಮನ ಸೆಳೆದದ್ದು ಬೇರೆ ಸಂಗತಿ: ಹಿಂದುಳಿಯುವ ಭಯ ಮತ್ತು ಆತಂಕ ಎರಡೂ ಗುಂಪುಗಳಲ್ಲಿ ಇಳಿದವು. ತಾವು ಎಷ್ಟು ಹೊತ್ತು ಬಳಸುತ್ತೇವೆ ಎಂಬುದರ ಮೇಲೆ ಎರಡೂ ಗುಂಪುಗಳು ಕಣ್ಣಿಟ್ಟಿದ್ದೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಹಾಗಾಗಿ ಫೋನನ್ನು ಪೂರ್ತಿ ತ್ಯಜಿಸುವ ಪ್ರತಿಜ್ಞೆಗಿಂತ, ಸೆಟ್ಟಿಂಗ್ಸ್‌ನಲ್ಲಿರುವ ಬಳಕೆಯ ಲೆಕ್ಕವನ್ನು ರಾತ್ರಿ ಒಮ್ಮೆ ನೋಡುವ ರೂಢಿಯನ್ನೇ ನಾನು ಮೊದಲು ಸೂಚಿಸುತ್ತೇನೆ.

ನೇಮಕಾತಿ ಅಧಿಸೂಚನೆಗಳ ವಿಷಯದಲ್ಲಂತೂ ಈ ಭಯಕ್ಕೆ ಆಧಾರ ತೀರ ಕಡಿಮೆ. ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆ ಅದರ ಜಾಲತಾಣದಲ್ಲೇ ಪ್ರಕಟವಾಗುತ್ತದೆ, ಅರ್ಜಿ ಸಲ್ಲಿಸಲು ಸಾಮಾನ್ಯವಾಗಿ ವಾರಗಳ ಅವಕಾಶವಿರುತ್ತದೆ. ದಿನಕ್ಕೊಮ್ಮೆ ನೋಡಿದವರು ಕಳೆದುಕೊಳ್ಳುವುದು ಏನೂ ಇಲ್ಲ. ಚಾನೆಲ್ ನಡೆಸುವವರಲ್ಲಿ ನನ್ನದೊಂದು ಕೋರಿಕೆಯಿದೆ: ವದಂತಿಗಳನ್ನು ಬಿಟ್ಟು, ಖಚಿತವಾದ ಮಾಹಿತಿಯನ್ನು ಮೂಲ ಸಮೇತ ಸಂಜೆ ಒಮ್ಮೆಗೇ ಹಾಕಿ, ಹಗಲಿನ ಹೊತ್ತನ್ನು ಓದುವವರಿಗೆ ಬಿಟ್ಟುಕೊಡಿ.