ವ್ಯಾಟ್ ಕೇಳುವ ಮೊದಲು ಫ್ಯೂಸ್ ನೋಡಿ

ಕಲಬುರಗಿಯ ಒಂದು ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಆಡಿಯೋ ಫಿಟ್ಟಿಂಗ್ ನನ್ನ ಕೆಲಸ. ಕೌಂಟರಿಗೆ ಬಂದವರು ಮೊದಲು ಕೇಳುವ ಮಾತು ಒಂದೇ: "ಎಷ್ಟ್ ವ್ಯಾಟಿಂದು ಅದರೀ?" ಪೆಟ್ಟಿಗೆ ಮೇಲೆ 1500 ಅಂತ ದಪ್ಪಕ್ಷರದಲ್ಲಿ ಇದ್ದರೆ ಮುಗಿಯಿತು, 300 ಅಂತ ಪ್ರಾಮಾಣಿಕವಾಗಿ ಬರೆದ ಮಾಲನ್ನು ಮುಟ್ಟಿಯೂ ನೋಡುವುದಿಲ್ಲ. ಈ ಬೇಸಿಗೆಯಲ್ಲಿ ಬಂದ ಒಂದು ಎರ್ಟಿಗಾ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಸೇಡಂ ಕಡೆಯವರು. ಮನೆಮಂದಿಯೆಲ್ಲ ಗಾಣಗಾಪುರಕ್ಕೆ ಹೊರಟಿದ್ದರು. ಮೇ ತಿಂಗಳ ಮಧ್ಯಾಹ್ನ, ಬಾನೆಟ್ ಮುಟ್ಟಿದರೆ ಕೈ ಸುಡುವಂಥ ಬಿಸಿಲು. "ನಾಕ್ ಹಾಡ್ ಆದ್ಮ್ಯಾಲ ಬಂದ್ ಬೀಳ್ತದರೀ. ತಣ್ಣಗಾದ್ರ ಮತ್ತ ಚಾಲೂ ಆಗ್ತದ" ಅಂದರು ಯಜಮಾನರು. ಆಂಪು ಅಂದರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್, ಬೇಸಿಗೆ ಹನ್ನೆರಡು ಇಂಚಿನ ವೂಫರ್ ಸ್ಪೀಕರ್, ವೈರಿಂಗ್ ಕಿಟ್, ಎಲ್ಲ ಬೇರೆ ಊರಲ್ಲಿ ಹಾಕಿಸಿದ್ದು. ಆಂಪಿನ ಮೇಲೆ 1500 ವ್ಯಾಟ್ ಅಂತ ಇತ್ತು.

ನಮ್ಮ ಸೇಠ್ ಕೌಂಟರಿನಿಂದಲೇ ಕೂಗಿದರು: "ಆಂಪ್ ಖರಾಬ್ ಆಗಿರ್ತದ, ಹೊಸಾದು ಹಾಕಿ ಕಳ್ಸು. ಹೊರಗ ಗಾಡಿ ನಿಂತಾವ." ನಾನು ಆಂಪ್ ಮುಟ್ಟಲಿಲ್ಲ. ಎಂಜಿನ್ ಚಾಲೂ ಇಟ್ಟು, ಹಾಡು ಹಾಕಿಸಿ, ಮೀಟರ್ ಹಿಡಿದೆ. ಬ್ಯಾಟರಿ ಹತ್ತಿರ 13.8 ವೋಲ್ಟ್. ಡಿಕ್ಕಿಯಲ್ಲಿ ಆಂಪಿನ ಟರ್ಮಿನಲ್ ಮೇಲೆ, ಬೇಸ್ ಬಿದ್ದಾಗಲೆಲ್ಲ 11.4ಕ್ಕೆ ಇಳಿಯುತ್ತಿತ್ತು. ಅಷ್ಟು ವೋಲ್ಟೇಜ್ ದಾರಿಯಲ್ಲೇ ಹೋಗುತ್ತಿದೆ ಅಂದರೆ ತೊಂದರೆ ದಾರಿಯಲ್ಲೇ ಇರಬೇಕು, ಅಲ್ವಾ?

ಎಂಜಿನ್ ಬಂದ್ ಮಾಡಿಸಿ ಬಾನೆಟ್ ಎತ್ತಿದೆ. ದಪ್ಪ ಕೆಂಪು ವೈರು ಸೀದಾ ಬ್ಯಾಟರಿಯ ಪ್ಲಸ್ಸಿಗೆ ಕೂತಿತ್ತು. ನಡುವೆ ಫ್ಯೂಸ್ ಇಲ್ಲ. ವೈರಿನ ಜಾಡು ಹಿಡಿದು ಬೆರಳು ಸರಿಸುತ್ತಾ ಹೋದೆ. ಕ್ಯಾಬಿನ್ ಒಳಗೆ ಹೋಗುವ ಕಡೆ ತಗಡಿಗೆ ಡ್ರಿಲ್ ಹೊಡೆದ ತೂತು, ಅದರ ಅಂಚಿಗೆ ಹಾಕುವ ರಬ್ಬರ್ ಬಳೆ, ಗ್ರಾಮೆಟ್, ಇಲ್ಲ. ತೂತಿನ ಅಂಚು ವೈರಿನ ತೊಗಟೆಯನ್ನು ಅರ್ಧಕ್ಕರ್ಧ ಕೊರೆದಿತ್ತು. ಟಾರ್ಚ್ ಬೆಳಕಿನಲ್ಲಿ, ತೆಳುವಾದ ತೊಗಟೆಯ ಒಳಗಿಂದ ಎಳೆಗಳು ಮಿಂಚುತ್ತಿದ್ದವು. ಎಳೆಗೂ ಬಾಡಿಗೂ ನಡುವೆ ಉಳಿದದ್ದು ಒಂದು ಹಾಳೆಯಷ್ಟು ಪ್ಲಾಸ್ಟಿಕ್.

ಒಳಗೆ ಹಿಂದಿನ ಸೀಟಿನಲ್ಲಿ ಅಜ್ಜಿ, ಮುಂದೆ ಸ್ಟೀರಿಯೋ ಬಟನ್ ಒತ್ತುತ್ತಾ ಕೂತ ಹುಡುಗ. "ಎಲ್ಲಾರೂ ಕೆಳಗ ಇಳೀರಿ, ಅಜ್ಜಿಗೂ ಇಳಸ್ರಿ" ಅಂದೆ. ಯಜಮಾನರಿಗೆ ಸಿಟ್ಟು ಬಂತು. "ಬಿಸಿಲಾಗ ಯಾಕ್ರೀ? ಗಾಡಿ ಬಂದ್ ಮಾಡೀನಲ್ಲ, ಏನಾಗ್ತದ?"

ಇದನ್ನು ಎಲ್ಲರೂ ತಿಳಿಯಬೇಕು. ಕೀ ತೆಗೆದರೂ ಈ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಗಾಡಿಯ ತಗಡೆಲ್ಲ ಬ್ಯಾಟರಿಯ ಮೈನಸ್ಸಿಗೆ ಸೇರಿರುತ್ತದೆ. ಈ ವೈರು ಅದಕ್ಕೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಗೇ ಸುರಿಯುತ್ತದೆ. ತಡೆಯಲು ಫ್ಯೂಸ್ ಇಲ್ಲದಿದ್ದರೆ ವೈರೇ ಕೆಂಪಗೆ ಕಾಯುತ್ತದೆ. ಪಕ್ಕದಲ್ಲೇ ಡ್ಯಾಶ್‌ಬೋರ್ಡ್ ವೈರಿಂಗ್, ಕಾರ್ಪೆಟ್.

ವೈರು ಅಲುಗಾಡಿಸದೆ ಮೊದಲು ಮೈನಸ್ ಬಿಚ್ಚಬೇಕು. ಮೊದಲು ಪ್ಲಸ್ ಬಿಚ್ಚಲು ಹೋಗಿ ಪಾನಾ ತಗಡಿಗೆ ತಾಗಿದರೆ ಅಲ್ಲೇ ಕಿಡಿ. ಹತ್ತರ ಪಾನಾ ಹಾಕಿದೆ. ನಟ್ ತುಕ್ಕು ಹಿಡಿದಿತ್ತು, ತಿರುಗಲಿಲ್ಲ. ಒಂದು ಕೈಯಲ್ಲಿ ಕೆಂಪು ವೈರನ್ನು ಅಂಚಿನಿಂದ ದೂರ ಹಿಡಿದಿದ್ದೆ, ಇನ್ನೊಂದರಲ್ಲಿ ಪಾನಾ. ಹೆಲ್ಪರ್ ಹುಡುಗ ಟರ್ಮಿನಲ್ ಅಲುಗದಂತೆ ಹಿಡಿದ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇಲ್ಲ. ಕೊನೆಗೆ ನಟ್ ಸಡಿಲಾಯಿತು. ಮೈನಸ್ ಟರ್ಮಿನಲ್ ಪಕ್ಕಕ್ಕೆ ಸರಿಸಿದ ಮೇಲೆ ಯಜಮಾನರನ್ನು ಕರೆದು ಆ ತೂತು ತೋರಿಸಿದೆ. ಆಮೇಲೆ ಅವರು ಬಿಸಿಲಿನ ಮಾತು ಎತ್ತಲಿಲ್ಲ.

ವೈರಿನ ತುದಿ ಕತ್ತರಿಸಿ ಬ್ಲೇಡಿನಿಂದ ಒಂದು ಎಳೆ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂಗೆ ತಾಮ್ರದ ಲೇಪ. ಅಷ್ಟೇ ದಪ್ಪದ ಅಸಲಿ ತಾಮ್ರಕ್ಕಿಂತ ಇದು ಕರೆಂಟಿಗೆ ಒಡ್ಡುವ ಅಡ್ಡಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸಾಲದ್ದಕ್ಕೆ ತೊಗಟೆಯೇ ದಪ್ಪ, ಒಳಗೆ ಎಳೆ ಕಮ್ಮಿ. ಮೈನಸ್ ವೈರನ್ನು ಪೇಂಟ್ ಕೆರೆಯದೆ ಸೀಟಿನ ಬೋಲ್ಟಿಗೆ ಸಿಕ್ಕಿಸಿದ್ದರು. ವೋಲ್ಟೇಜ್ ಹೋದ ದಾರಿ ಇದು.

ಇನ್ನು ಆ 1500 ವ್ಯಾಟ್. ಆಂಪಿನ ಹಿಂದೆ ಇದ್ದ ಫ್ಯೂಸ್ 25 ಆಂಪಿಯರಿನದು. 25 ಅನ್ನು 14 ವೋಲ್ಟಿನಿಂದ ಗುಣಿಸಿ: 350. ಒಳಗೆ ಹೋಗುವುದೇ 350 ವ್ಯಾಟ್. ಹಳೇ ನಮೂನೆಯ ಕ್ಲಾಸ್ ಎಬಿ ಆಂಪ್ ಅದರಲ್ಲಿ ಅರ್ಧದಷ್ಟನ್ನು, ಹೆಚ್ಚೆಂದರೆ ಸ್ವಲ್ಪ ಜಾಸ್ತಿಯನ್ನು ಸ್ಪೀಕರಿಗೆ ಕೊಡುತ್ತದೆ. ಉಳಿದದ್ದೆಲ್ಲ ಶಾಖ. ಅಂದರೆ 1500 ಅನ್ನುವುದು ಸುಮಾರು 200. ಮಾಲು ಆರಿಸುವಾಗ ಆರ್‌ಎಂಎಸ್ ನೋಡಿ, ಅಂದರೆ ಸತತವಾಗಿ ಕೊಡಬಲ್ಲ ಅಸಲಿ ವ್ಯಾಟ್. ಅದನ್ನು ಬರೆದಿಲ್ಲದಿದ್ದರೆ ಫ್ಯೂಸ್ ನೋಡಿ ಲೆಕ್ಕ ಹಾಕಿ.

ವೂಫರ್ ಕೆಟ್ಟಿರಲಿಲ್ಲ. ಅದರೊಳಗೆ ಎರಡು ತಂತಿ ಸುರುಳಿ (ಕಾಯಿಲ್), ಒಂದೊಂದರ ಅಡ್ಡಿ 4 ಓಮ್. ಓಮ್ ಕಮ್ಮಿಯಾದಷ್ಟೂ ಆಂಪಿನ ಮೇಲೆ ಭಾರ ಜಾಸ್ತಿ. ಅವನ್ನು ಪ್ಯಾರಲಲ್ ಜೋಡಿಸಿ 2 ಓಮ್ ಮಾಡಿ, ಬ್ರಿಜ್ ಮಾಡಿದಾಗ, ಅಂದರೆ ಎರಡು ಚಾನಲ್ ಸೇರಿಸಿ ಒಂದು ಮಾಡಿದಾಗ, 4 ಓಮಿಗಿಂತ ಕೆಳಗೆ ಹೋಗಬಾರದ ಆಂಪಿಗೆ ಕಟ್ಟಿದ್ದರು. ಮೇಲೆ ಕಾರ್ಪೆಟ್ ಹೊದಿಸಿ ಗಾಳಿಯನ್ನೂ ಬಂದ್ ಮಾಡಿದ್ದರು. ಪಾಪ, ಆಂಪ್ ತನ್ನನ್ನು ತಾನೇ ಉಳಿಸಿಕೊಳ್ಳಲು ಬಂದ್ ಬೀಳುತ್ತಿತ್ತು.

ಸೇಠ್ ದೊಡ್ಡ ಮೋನೋಬ್ಲಾಕ್, ಅಂದರೆ ಒಂದೇ ಚಾನಲಿನ ಆಂಪ್, ತೋರಿಸಲು ಹೇಳಿದರು. ನಾನು ಬೇರೆ ಲೆಕ್ಕ ಕೊಟ್ಟೆ. ಕಮ್ಮಿ ಕಾಯುವ ಕ್ಲಾಸ್ ಡಿ ನಮೂನೆಯ ಒಂದು ನಾಲ್ಕು ಚಾನಲ್ ಆಂಪ್, ಚಾನಲಿಗೆ ಅಸಲಿ 50 ವ್ಯಾಟ್. ಮುಂದಿನ ಎರಡು ಚಾನಲ್ ಬಾಗಿಲಿನ ಸ್ಪೀಕರಿಗೆ. ಹಿಂದಿನ ಎರಡನ್ನು ಬ್ರಿಜ್ ಮಾಡಿ, ವೂಫರಿನ ಕಾಯಿಲ್‌ಗಳನ್ನು ಸೀರೀಸಿನಲ್ಲಿ 8 ಓಮ್ ಮಾಡಿದರೆ ಅದಕ್ಕೆ 100 ವ್ಯಾಟ್ ಸಿಗುತ್ತದೆ. ಮನೆಮಂದಿ ಕೂತು ಹೋಗುವ ಗಾಡಿಗೆ ಬೇಕಾದಷ್ಟಾಯಿತು. ಕಂಪನಿ ಸ್ಟೀರಿಯೋ ಹಾಗೇ ಇರಲಿ ಅಂದೆ.

ಬಾಗಿಲಿಗೆ ಆರೂವರೆ ಇಂಚಿನ ಕಂಪೋನೆಂಟ್ ಸ್ಪೀಕರ್, ಅಂದರೆ ಟ್ವೀಟರ್ ಬೇರೆಯಾಗಿ ಬರುವಂಥದ್ದು. ಎರಡು ಜೋಡಿ ಎದುರಿಗಿದ್ದವು. ಒಂದರ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟಿಗೆ ಎಷ್ಟು ಸದ್ದು ಅನ್ನುವುದು, 88 ಡಿಬಿ, ಇನ್ನೊಂದರದು 91. ಯಜಮಾನರ ಕೈ ಹೋದದ್ದು 88ರ ಕಡೆ, ಯಾಕೆಂದರೆ ಅದರ ಡಬ್ಬಿ ಮೇಲೆ ವ್ಯಾಟ್ ಜಾಸ್ತಿ ಇತ್ತು. ಆ ಮೂರು ಡಿಬಿ ತುಂಬಲು ಆಂಪಿನ ಶಕ್ತಿ ದುಪ್ಪಟ್ಟು ಬೇಕು. 91ರದ್ದೇ ಕೊಟ್ಟೆ. ಹಾಕುವ ಮೊದಲು ಕಿಟಕಿ ಗಾಜು ಪೂರ್ತಿ ಇಳಿಸಿ ಮ್ಯಾಗ್ನೆಟ್ಟಿಗೆ ತಾಗುತ್ತದೋ ನೋಡಿಕೊಂಡೆ. ಇದನ್ನು ಬಿಟ್ಟು ಗಾಜು ಒಡೆದುಕೊಂಡವರಿದ್ದಾರೆ.

ವೈರು ಎಂಟು ಗೇಜಿನ ಅಸಲಿ ತಾಮ್ರ. ಬ್ಯಾಟರಿಯಿಂದ ಗೇಣು ದೂರದಲ್ಲೇ 40 ಆಂಪಿಯರ್ ಫ್ಯೂಸ್, ತೂತಿಗೆ ಗ್ರಾಮೆಟ್, ಮೈನಸ್ಸಿಗೆ ಪೇಂಟ್ ಕೆರೆದು ಬರೀ ಲೋಹದ ಮೇಲೆ ಬೋಲ್ಟ್. ಆಂಪಿನ ಮೇಲೆ ಸಿಗ್ನಲ್ ಮಟ್ಟ ಹೊಂದಿಸುವ ಗೇನ್ ತಿರುಪನ್ನೂ ಅಂದಾಜಿನಲ್ಲಿ ತಿರುಗಿಸಲಿಲ್ಲ. 50 ವ್ಯಾಟ್, 4 ಓಮ್ ಅಂದರೆ 14.1 ವೋಲ್ಟ್ ಎಸಿ. ಸ್ಪೀಕರ್ ಬಿಚ್ಚಿಟ್ಟು, ಒಂದೇ ಸಮನಾದ ಟೆಸ್ಟ್ ಟೋನ್ ಹಾಕಿ, ಮೀಟರ್ 14 ತೋರಿಸಿದ ಕಡೆ ನಿಲ್ಲಿಸಿದೆ. ಈಗ ಹಾಡು ನಡೆಯುವಾಗ ಆಂಪಿನ ಹತ್ತಿರ ವೋಲ್ಟೇಜ್ 13.4ಕ್ಕಿಂತ ಇಳಿಯಲಿಲ್ಲ.

ಬಾಗಿಲಿಗೆ ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಮಾತ್ರ ಅಂಟಿಸಲು ಆಗಲಿಲ್ಲ, ಅವರಿಗೆ ಹೊತ್ತಾಗಿತ್ತು. ನನಗೆ ಅದೇ ಕೊರಗು. ತಗಡು ಗಡಗಡ ಅನ್ನುತ್ತಿದ್ದರೆ ಎಂಥ ಸ್ಪೀಕರ್ ಹಾಕಿದರೂ ಬೇಸ್ ಸಡಿಲ. ನಮ್ಮಲ್ಲಿ ಅದನ್ನು ಯಾರೂ ಮಾರುವುದೂ ಇಲ್ಲ. ಅರ್ಧ ದಿನದ ಕೆಲಸ, ಕಮಿಷನ್ ಇಲ್ಲ. ಕಮಿಷನ್ ಇರುವುದು ದೊಡ್ಡ ಪೆಟ್ಟಿಗೆಗೆ. ಹಾಗಾಗಿ ಗೋಡೆ ಮೇಲೆ ದೊಡ್ಡ ಪೆಟ್ಟಿಗೆಗಳೇ, ವೈರಿನ ರೀಲ್ ಮಾತ್ರ ಮೂಲೆಯಲ್ಲಿ ಧೂಳು ತಿನ್ನುತ್ತದೆ. ತಾಮ್ರ ಲೇಪದ ವೈರಿನ ಕಿಟ್ ಸ್ಟಾಕ್ ಮಾಡಬೇಡಿ ಅಂತ ಸೇಠ್‌ಗೆ ನೇರವಾಗಿ ಹೇಳಿದ್ದೇನೆ. "ಗಿರಾಕಿ ಸಸ್ತಾ ಕೇಳ್ತಾನ" ಅನ್ನುತ್ತಾರೆ. ಕೇಳಲಿ. ಆ ಕಿಟ್ ಹಾಕುವ ಕೆಲಸಕ್ಕೆ ನಾನು ಕೈ ಹಚ್ಚುವುದಿಲ್ಲ. ಫ್ಯೂಸ್ ಬೇಡ ಅನ್ನುವವರ ಗಾಡಿಯ ಬಾನೆಟ್ ಎತ್ತುವುದೂ ಇಲ್ಲ.